ಓದಿನ ಪಟ್ಟಿಗೆ ಇನ್ನೊಂದು ಕಾಲಂ

ಬೆಂಗಳೂರಿನ ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಆಸುಪಾಸಿನಲ್ಲಿದ್ದು, ವರ್ಷಕ್ಕೆ ಇಷ್ಟು ಪುಸ್ತಕ ಎಂದು ಗುರಿ ಇಟ್ಟುಕೊಂಡು ಓದುತ್ತಿರುವ ಎಲ್ಲ ಕನ್ನಡ ಓದುಗರಿಗೆ,



ವರ್ಷ ಮುಗಿಯುತ್ತ ಬಂದಾಗ ನಿಮ್ಮಲ್ಲಿ ಹಲವರು ಓದಿದ ಪುಸ್ತಕಗಳ ಪಟ್ಟಿಯನ್ನು ಗೆಳೆಯರ ಮುಂದೆ ಬಿಚ್ಚಿಡುತ್ತೀರಿ. ಕೆಲವರದು ಗುಡ್‌ರೀಡ್ಸ್‌ನಲ್ಲಿ, ಕೆಲವರದು ಮೊಬೈಲಿನಲ್ಲಿ, ಇನ್ನು ಕೆಲವರದು ಹಳೆಯ ಡೈರಿಯ ಕೊನೆಯ ಹಾಳೆಗಳಲ್ಲಿ. ಇಪ್ಪತ್ತನಾಲ್ಕು ಓದಬೇಕೆಂದು ಹೊರಟವರು ಹತ್ತೊಂಬತ್ತಕ್ಕೆ ನಿಂತಿರುತ್ತಾರೆ. ಹನ್ನೆರಡಾದರೆ ಸಾಕು ಎಂದುಕೊಂಡವರು ಮೂವತ್ತು ದಾಟಿರುತ್ತಾರೆ. ಇಂಥ ಪಟ್ಟಿ ಯಾರು ಕೊಟ್ಟರೂ ನಾನು ಆಸೆಯಿಂದ ಓದುತ್ತೇನೆ. ಮೆಟ್ರೊದಲ್ಲಿ ನಿಂತುಕೊಂಡು, ಆಫೀಸಿನ ಊಟದ ಬಿಡುವಿನಲ್ಲಿ, ಮಕ್ಕಳು ಮಲಗಿದ ಮೇಲೆ ಸಿಗುವ ಅರ್ಧ ಗಂಟೆಯಲ್ಲಿ ಮಾಡಿದ ಓದು ಅದು. ಓದಿ ಮುಗಿಸಿದ್ದನ್ನು ತಾರೀಖು ಹಾಕಿ ಬರೆದಿಡಬೇಕು ಎಂದು ನಿಮಗೆ ಅನ್ನಿಸಿದೆಯಲ್ಲ, ಅದಕ್ಕೆ ನನ್ನ ಗೌರವವಿದೆ.

ಆ ಪಟ್ಟಿಯ ವಿಷಯವಾಗಿಯೇ ಒಂದು ಕೋರಿಕೆ. ಪುಸ್ತಕದ ಹೆಸರು, ಲೇಖಕರು, ಮುಗಿಸಿದ ದಿನ ಎಂದು ಗೆರೆ ಎಳೆದುಕೊಂಡಿರುತ್ತೀರಿ. ಅವುಗಳ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆಯಿರಿ. ಈ ಪುಸ್ತಕವನ್ನು ಮೊದಲು ಯಾವ ಭಾಷೆಯಲ್ಲಿ ಬರೆದರು, ಅನುವಾದವಾಗಿದ್ದರೆ ಕನ್ನಡಕ್ಕೆ ತಂದವರು ಯಾರು, ಇಷ್ಟನ್ನು ಅಲ್ಲಿ ತುಂಬಿಸುತ್ತ ಹೋಗಿ. ಒಂದು ವರ್ಷ ಕಳೆದ ಮೇಲೆ ಆ ಕಾಲಮ್ಮನ್ನು ಮಾತ್ರ ಮೇಲಿನಿಂದ ಕೆಳಗೆ ಒಮ್ಮೆ ಓದಿ.

ನನ್ನ ಕಣ್ಣಿಗೆ ಬಿದ್ದ ಪಟ್ಟಿಗಳಲ್ಲಿ ಹೆಚ್ಚಿನವು ಎರಡೇ ಭಾಷೆಯವು: ಕನ್ನಡ, ಇಂಗ್ಲಿಷ್. ಇಂಗ್ಲಿಷಿನ ಬಾಗಿಲಿನಿಂದ ದೂರದ ನೆಂಟರೆಲ್ಲ ಬಂದು ಕೂತಿರುತ್ತಾರೆ. ಜಪಾನಿನ ಮುರಕಾಮಿ, ಕೊಲಂಬಿಯಾದ ಮಾರ್ಕ್ವೆಜ್, ರಷ್ಯಾದ ದಾಸ್ತೊಯೆವ್‌ಸ್ಕಿ. ಬರಲಿ, ಅವರು ಬೇಕು. ಆದರೆ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಕಿವಿಗೆ ಬೀಳುವ ಉರ್ದು, ತಮಿಳು ಆ ಪಟ್ಟಿಗಳಲ್ಲಿ ಇರುವುದಿಲ್ಲ. ಇಲ್ಲಿ ಹತ್ತಾರು ವರ್ಷ ಬದುಕಿದವರ ಪಟ್ಟಿಯಲ್ಲೂ ಇರುವುದಿಲ್ಲ.

ರಸೆಲ್ ಮಾರುಕಟ್ಟೆಗೆ ನೀವೆಲ್ಲ ಹೋಗಿದ್ದೀರಿ. 1927ರಲ್ಲಿ ಕಟ್ಟಿಸಿ, ಆಗಿನ ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಹೆಸರಿಟ್ಟ ಕಟ್ಟಡ. 1949ರವರೆಗೆ ಈ ಮಾರುಕಟ್ಟೆಯಿರುವ ದಂಡು (ಕಂಟೋನ್ಮೆಂಟ್) ಬೇರೆ ಊರು, ಪೇಟೆ ಬೇರೆ ಊರು. ಆಡಳಿತ ಒಂದಾದರೂ ಮಾತಿನಲ್ಲಿ ದಂಡು ಇನ್ನೂ ದಂಡೇ. ಕಮಾನಿನ ಒಳಗೆ ಕಾಲಿಟ್ಟರೆ ಸೇವಂತಿಗೆ ರಾಶಿಯ ಮುಂದೆ ಕೂತ ಹೆಂಗಸು ಪಕ್ಕದವಳ ಜೊತೆ ತಮಿಳಿನಲ್ಲಿ ಮಾತಾಡುತ್ತ, ನಿಮಗೆ ಕನ್ನಡದಲ್ಲಿ ಬೆಲೆ ಹೇಳಿ, ಎದುರಿನ ಹಣ್ಣಿನವನಿಂದ ಚಿಲ್ಲರೆಯನ್ನು ದಖನಿ ಉರ್ದುವಿನಲ್ಲಿ ಕೇಳಿ ಇಸಿದುಕೊಳ್ಳುತ್ತಾಳೆ. ಒಂದು ನಿಮಿಷದಲ್ಲಿ ಮೂರು ಭಾಷೆ. ಯಾವುದರಲ್ಲೂ ಅವಳು ತಡವರಿಸುವುದಿಲ್ಲ. ಪಕ್ಕದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಪ್ರಾರ್ಥನೆ. ಸುತ್ತಲಿನ ಬೀದಿಗಳ ಹೆಸರು ನೋಡಿ: ಮೀನಾಕ್ಷಿ ಕೋಯಿಲ್ ಬೀದಿ, ಇಬ್ರಾಹಿಂ ಸಾಹೇಬ್ ಬೀದಿ, ನಾರಾಯಣ ಪಿಳ್ಳೆ ಬೀದಿ. ಇಷ್ಟೆಲ್ಲದರ ನಡುವೆ ನಡೆದು, ಹಣ್ಣು ಹೂವು ಮೀನು ಕೊಂಡು ಮನೆಗೆ ಬರುತ್ತೇವೆ. ಅದೇ ಜನ ತಮ್ಮ ಭಾಷೆಯಲ್ಲಿ ಬರೆದ ಕತೆ, ಕವಿತೆ ಮಾತ್ರ ನಮ್ಮ ಮನೆಯೊಳಗೆ ಬರುವುದಿಲ್ಲ.

ಈ ದಂಡಿನಲ್ಲೇ ಕೂತು, ದಿನಕ್ಕಿಷ್ಟು ಪುಟ ಎಂದು ಗುರಿ ಹಾಕಿಕೊಂಡು ಓದಿದ ಒಬ್ಬನನ್ನು ಇಲ್ಲಿ ನೆನೆಯಬೇಕು. 1896ರಲ್ಲಿ ಬೆಂಗಳೂರಿಗೆ ಬಂದ ನಾಲ್ಕನೇ ಹುಸಾರ್ಸ್ ಪಡೆಯ ಯುವ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಆ ಕೊರತೆಯನ್ನು ಇಲ್ಲಿಯೇ ತುಂಬಿಕೊಳ್ಳಬೇಕೆಂದು ತಾಯಿಗೆ ಬರೆದು ಪುಸ್ತಕಗಳನ್ನು ತರಿಸಿಕೊಂಡ. ಬೆಳಗಿನ ಕವಾಯತು ಮುಗಿಸಿ, ಸಂಜೆಯ ಪೋಲೊ ಶುರುವಾಗುವ ಮೊದಲು ನಾಲ್ಕೈದು ಗಂಟೆ ಓದು. ಇತಿಹಾಸಕಾರರಾದ ಮೆಕಾಲೆಯದು ಐವತ್ತು ಪುಟ, ಗಿಬ್ಬನ್‌ನದು ಇಪ್ಪತ್ತೈದು ಪುಟ, ದಿನವೂ. ಪ್ಲೇಟೊ, ಅರಿಸ್ಟಾಟಲ್, ಮಾಲ್ಥಸ್, ಡಾರ್ವಿನ್ ಎಲ್ಲ ಆ ಹೊತ್ತಿನಲ್ಲೇ ಓದಿದ್ದು. ಇಂಗ್ಲೆಂಡಿನ ಹಳೆಯ ಸಂಸತ್ತಿನ ಚರ್ಚೆಗಳನ್ನು ಓದುವ ಮೊದಲು ಆ ವಿಷಯದಲ್ಲಿ ತನ್ನ ಅಭಿಪ್ರಾಯವೇನು ಎಂದು ಕಾಗದದ ಮೇಲೆ ಬರೆದಿಟ್ಟು, ಆಮೇಲೆ ಓದಿ ಹೋಲಿಸಿ ನೋಡುತ್ತಿದ್ದ. ಓದನ್ನು ಬರೆದಿಡುವ ಯಾರೂ ಕಲಿಯಬಹುದಾದ ಒಳ್ಳೆಯ ಅಭ್ಯಾಸ ಇದು. ನಾನೂ ಇದನ್ನು ಮೆಚ್ಚುತ್ತೇನೆ.

ಆದರೆ ಅವನೇ ಹೇಳಿಕೊಂಡ ಆ ಓದಿನಲ್ಲಿ ಈ ಊರಿನ ಯಾವ ಭಾಷೆಯ ಪುಸ್ತಕವೂ ಕಾಣುವುದಿಲ್ಲ. ಬಂಗಲೆಯಲ್ಲಿ ಬಟ್ಲರನಿಂದ ಹಿಡಿದು ಕುದುರೆ ನೋಡಿಕೊಳ್ಳುವವರವರೆಗೆ ಆಳುಕಾಳುಗಳಿದ್ದರು. ಅವರು ಆಡುತ್ತಿದ್ದ ಮಾತಿನಲ್ಲೂ ಪುಸ್ತಕಗಳಿದ್ದವು. ಅವು ಆ ಮೇಜಿನ ಮೇಲೆ ಬರಲಿಲ್ಲ. ಮುಂದೆ ಆತ ಬ್ರಿಟನ್ನಿನ ಪ್ರಧಾನಿಯಾಗಿ ಈ ದೇಶದ ಜನರ ಬಗ್ಗೆ ತೋರಿದ ತಾತ್ಸಾರ, 1943ರ ಬಂಗಾಳದ ಕ್ಷಾಮದ ಕಾಲದ ನಡವಳಿಕೆ ಎಲ್ಲರಿಗೂ ಗೊತ್ತಿದೆ. ಒಂದು ತಮಿಳು ಪುಸ್ತಕ ಓದಿದ್ದರೆ ಮನುಷ್ಯ ಬದಲಾಗುತ್ತಿದ್ದ ಎಂದು ನಾನು ಹೇಳಲಾರೆ. ಶಿಸ್ತಿನಿಂದ, ಗುರಿ ಇಟ್ಟುಕೊಂಡು, ಸಾವಿರಾರು ಪುಟ ಓದಿಯೂ ತಾನು ನಿಂತ ಊರಿನ ಬಗ್ಗೆ ಏನೂ ತಿಳಿಯದೆ ಇರಲು ಸಾಧ್ಯ, ಅಷ್ಟನ್ನು ಹೇಳುತ್ತೇನೆ.

ಅದೇ ಗಿಬ್ಬನ್ ಇನ್ನೊಬ್ಬರ ಪಟ್ಟಿಯಲ್ಲೂ ಇದ್ದಾನೆ. 1922ರ ಮಾರ್ಚ್‌ನಲ್ಲಿ ಗಾಂಧೀಜಿಯನ್ನು ಯರವಡಾ ಜೈಲಿಗೆ ಕಳಿಸಿದರು. 1924ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಆ ಅವಧಿಯ ಜೈಲು ದಿನಚರಿಯಲ್ಲಿ ಯಾವ ಪುಸ್ತಕ ಹಿಡಿದರು, ಯಾವುದನ್ನು ಮುಗಿಸಿದರು ಎಂದು ಒಂದೆರಡು ಮಾತಿನಲ್ಲಿ ಗುರುತು ಹಾಕಿಕೊಂಡಿದ್ದಾರೆ. ಗಿಬ್ಬನ್‌ನ ರೋಮ್ ಚರಿತ್ರೆ ಓದಿದ್ದಾರೆ. ಮಹಾಭಾರತ ಓದಿದ್ದಾರೆ. ಜೊತೆಗೆ ಅಲ್ಲಿ ಅವರು ಕೂತು ಅಭ್ಯಾಸ ಮಾಡಿದ ಭಾಷೆಗಳಲ್ಲಿ ಎರಡನ್ನು ನೋಡಿ: ಉರ್ದು, ತಮಿಳು. ಐವತ್ತು ದಾಟಿದ ವಯಸ್ಸು, ಜೈಲುವಾಸ, ಗುಜರಾತಿ ಮನೆಮಾತು. ದಕ್ಷಿಣ ಆಫ್ರಿಕಾದಲ್ಲಿ ತಮ್ಮೊಂದಿಗೆ ಜೈಲಿಗೆ ಬಂದವರಲ್ಲಿ ಎಷ್ಟೋ ಜನ ತಮಿಳರು. ಅವರ ಮಾತು ತನಗೆ ಚೆನ್ನಾಗಿ ಬರಬೇಕು ಎಂಬ ಹಂಬಲ ಗಾಂಧೀಜಿಗೆ ಇತ್ತು. ರಸೆಲ್ ಮಾರುಕಟ್ಟೆಯಲ್ಲಿ ನಾವು ದಿನವೂ ಕೇಳುವ ಅವೇ ಎರಡು ಭಾಷೆ. ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟುಕೊಂಡರೆ ನನ್ನ ಕಾಲಮ್ಮಿನ ಆಸೆ ನಿಮಗೆ ಅರ್ಥವಾದೀತು.

ಕನ್ನಡದಲ್ಲೂ ಈ ಬರೆದಿಡುವ ಪದ್ಧತಿ ಹೊಸದಲ್ಲ. ಕುವೆಂಪು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗಿನ ದಿನಚರಿಗಳನ್ನು ಎದುರಿಗಿಟ್ಟುಕೊಂಡೇ ತಮ್ಮ ಆತ್ಮಕಥೆ 'ನೆನಪಿನ ದೋಣಿಯಲ್ಲಿ' ಬರೆದರು. ಯಾವ ದಿನ ಯಾವ ಪುಸ್ತಕ ಕೈಯಲ್ಲಿತ್ತು ಎಂಬ ಆ ಚಿಕ್ಕ ಚಿಕ್ಕ ಟಿಪ್ಪಣಿಗಳಿಲ್ಲದಿದ್ದರೆ, ಒಬ್ಬ ಹುಡುಗ ಹೇಗೆ ಕವಿಯಾದ ಎಂಬ ಕತೆಯ ಎಷ್ಟೋ ಭಾಗ ನಮಗೆ ಸಿಗುತ್ತಿರಲಿಲ್ಲ. ನಿಮ್ಮ ಪಟ್ಟಿಯನ್ನು ನಾಳೆ ಯಾರು ಓದುತ್ತಾರೋ. ನಿಮ್ಮ ಮಗಳೇ ಓದಬಹುದು.

ಈಗ ಉರ್ದುವಿನ ಮಾತಿಗೆ ಬರುತ್ತೇನೆ. ಬೆಂಗಳೂರಿನ ಉರ್ದು ಬರೀ ವ್ಯಾಪಾರದ ಮಾತು ಎಂದು ತಿಳಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. 1944ರಲ್ಲಿ ಮುಮ್ತಾಜ್ ಶಿರೀನ್ ಮತ್ತು ಅವರ ಪತಿ ಸಮದ್ ಶಾಹೀನ್ ಇದೇ ಬೆಂಗಳೂರಿನಿಂದ 'ನಯಾ ದೌರ್' ಎಂಬ ಸಾಹಿತ್ಯ ಪತ್ರಿಕೆ ಶುರುಮಾಡಿದರು. ಹಿಂದೂಪುರದಲ್ಲಿ ಹುಟ್ಟಿ, ಮೈಸೂರು ಸೀಮೆಯಲ್ಲಿ ಬೆಳೆದ ಈ ಹೆಣ್ಣುಮಗಳು ದೇಶ ವಿಭಜನೆಯ ಹೊತ್ತಿಗೆ ಕರಾಚಿಗೆ ಹೋದರು. ಉರ್ದುವಿನ ದೊಡ್ಡ ವಿಮರ್ಶಕಿ ಎನ್ನಿಸಿಕೊಂಡರು, ಕತೆಗಾರ ಮಂಟೋ ಬಗ್ಗೆ ಬರೆದದ್ದಕ್ಕೆ ವಿಶೇಷವಾಗಿ ಹೆಸರಾದರು. ಇಪ್ಪತ್ತರ ಹರೆಯದ ಒಬ್ಬಳು ಬೆಂಗಳೂರಿನಲ್ಲಿ ಕೂತು ಇಡೀ ಉರ್ದು ಲೋಕ ಓದುವಂಥ ಪತ್ರಿಕೆ ನಡೆಸಿದ ಸಂಗತಿ ನಮ್ಮ ಶಾಲೆಯ ಪಾಠದಲ್ಲಿ ಬರಬೇಕಿತ್ತು. ಆಮೇಲೆ ಮಹಮೂದ್ ಅಯಾಜ್ ಇಲ್ಲಿಂದಲೇ 'ಸೌಗಾತ್' ಪತ್ರಿಕೆ ತಂದರು. 'ಸಾಲಾರ್' ಉರ್ದು ದಿನಪತ್ರಿಕೆಯನ್ನೂ ಕಟ್ಟಿದರು. 1964ರಿಂದ ಬರುತ್ತಿರುವ 'ಸಾಲಾರ್' ಅನ್ನು ಶಿವಾಜಿನಗರದ ಅಂಗಡಿಗಳ ಮುಂದೆ ಮಡಿಸಿಟ್ಟಿರುವುದನ್ನು ನೀವು ಎಷ್ಟೋ ಸಲ ನೋಡಿದ್ದೀರಿ.

ಇನ್ನು ಕನ್ನಡದಲ್ಲೇ ಬರೆದವರು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ನಿಸಾರ್ ಅಹಮದರದು ಉರ್ದು ಎಂದು ರಾಜ್ಯೋತ್ಸವದ ವೇದಿಕೆಗಳಲ್ಲಿ ನಾವು ಹೆಮ್ಮೆಯಿಂದ ಹೇಳುತ್ತೇವೆ. ವೇದಿಕೆಯ ಮಾತು ಓದಿನ ಪಟ್ಟಿಗೆ ಇಳಿಯುವುದಿಲ್ಲ. ಬಾನು ಮುಷ್ತಾಕ್ ದಶಕಗಳಿಂದ ಕನ್ನಡದಲ್ಲಿ ಬರೆಯುತ್ತಿದ್ದರು. ಮನೆಯಲ್ಲಿ ದಖನಿ ಆಡುವ ಹೆಣ್ಣುಮಕ್ಕಳ ಮಾತು, ಸಿಟ್ಟು, ಅಳು ಎಲ್ಲ ಆ ಕನ್ನಡದಲ್ಲಿದೆ. ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ನಾನು ನೋಡಿದ ಪಟ್ಟಿಗಳಲ್ಲಿ ಅವರ ಹೆಸರು ಕಾಣಿಸಿತು, ಅದೂ ಇಂಗ್ಲಿಷ್ ಪುಸ್ತಕದ ಹೆಸರಿನಲ್ಲಿ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಬಂದಾಗ ಓದಿದ ಹಿರಿಯರು ಇನ್ನೂ ಅದರ ಮಾತಾಡುತ್ತಾರೆ. ಇಂದಿನ ಪಟ್ಟಿಗಳಲ್ಲಿ ಹುಡುಕಿದರೆ ಅಪರೂಪ.

ತಮಿಳಿಗೆ ಹಲಸೂರೇ ಸಾಕ್ಷಿ. ಕೆರೆಯ ಬಳಿ 1991ರಲ್ಲಿ ನಿಲ್ಲಿಸಿದ ತಿರುವಳ್ಳುವರ್ ಪ್ರತಿಮೆ ಹದಿನೆಂಟು ವರ್ಷ ಮುಸುಕಿನೊಳಗೇ ಇತ್ತು. 2009ರ ಆಗಸ್ಟ್ 9ರಂದು ಅದರ ಅನಾವರಣವಾಯಿತು. ನಾಲ್ಕೇ ದಿನಕ್ಕೆ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ. ಆ ಹದಿನೆಂಟು ವರ್ಷ ಪರವಾಗಿ, ವಿರೋಧವಾಗಿ ಎಷ್ಟು ಭಾಷಣ, ಎಷ್ಟು ಲೇಖನ, ಎಷ್ಟು ಪೊಲೀಸ್ ಬಂದೋಬಸ್ತು! ಅಷ್ಟು ಮಾತಾಡಿದವರಲ್ಲಿ ತಿರುವಳ್ಳುವರ್ ಬರೆದ ತಿರುಕ್ಕುರಳ್ ಓದಿದವರು ಎಷ್ಟು ಜನ? ಎಲ್. ಗುಂಡಪ್ಪನವರು ಅದನ್ನು ಬಹಳ ಹಿಂದೆಯೇ ಕನ್ನಡಕ್ಕೆ ತಂದಿದ್ದಾರೆ. ಬೇರೆ ಅನುವಾದಗಳೂ ಇವೆ. ಗುರಿ ಇಟ್ಟು ಓದುವವರಿಗೆ ಹೇಳಿ ಮಾಡಿಸಿದ ಪುಸ್ತಕ ಅದು: ಒಟ್ಟು 133 ಅಧಿಕಾರ, ಒಂದೊಂದರಲ್ಲಿ ಹತ್ತು ಕುರಳ್. ಎರಡೆರಡು ಸಾಲಿನ ಪದ್ಯ. ದಿನಕ್ಕೊಂದು ಅಧಿಕಾರ ಓದಿದರೆ ಐದು ತಿಂಗಳು ತುಂಬುವ ಮೊದಲೇ ಮುಗಿಯುತ್ತದೆ.

'ಕನ್ನಡ ಓದುವವರೇ ಕಡಿಮೆ, ಮೊದಲು ಕನ್ನಡದ್ದು ಓದಲಿ' ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಆ ಆತಂಕ ನನಗೂ ಇದೆ. ಆದರೆ ನಾನು ಕೇಳುತ್ತಿರುವುದು ಕನ್ನಡದಲ್ಲೇ ಓದಿ ಎಂದು. ಒಳ್ಳೆಯ ಅನುವಾದ ಕನ್ನಡದ ಪುಸ್ತಕವೇ. ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಇಲ್ಲದೆ ಹೊಸಗನ್ನಡ ಕವಿತೆಯ ಚರಿತ್ರೆ ಬರೆಯಲಾಗುವುದಿಲ್ಲ. ಹತ್ತಿರದ ಭಾಷೆಗಳಿಂದ ತಂದವರ ಕೆಲಸಕ್ಕೆ ಅಂಥ ಮನ್ನಣೆ ಸಿಕ್ಕಿಲ್ಲ. ಎಂ.ಎಂ. ಕಲಬುರ್ಗಿಯವರ ಮುಂದಾಳತ್ವದಲ್ಲಿ ವಿಜಯಪುರದ ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಆದಿಲಶಾಹಿ ಕಾಲದ ಫಾರ್ಸಿ, ದಖನಿ ಕೃತಿಗಳನ್ನು ಕನ್ನಡಕ್ಕೆ ತರಿಸಿತು. ನಾಲ್ಕು ಶತಮಾನದ ಹಿಂದೆ ಕನ್ನಡ ನೆಲದಲ್ಲೇ ಬರೆದ ಪುಸ್ತಕಗಳು ಅವು. ರಸೆಲ್ ಮಾರುಕಟ್ಟೆಯ ಹಣ್ಣಿನವನು ಆಡುವ ಮಾತಿನ ಹಿರಿಯರು ಅಲ್ಲಿದ್ದಾರೆ. ಕೆ. ನಲ್ಲತಂಬಿಯವರು ಕನ್ನಡ, ತಮಿಳು ಎರಡೂ ಕಡೆಗೆ ಅನುವಾದ ಮಾಡುತ್ತಾರೆ. ನೇಮಿಚಂದ್ರರ 'ಯಾದ್ ವಶೇಮ್' ಕಾದಂಬರಿಯನ್ನು ಅವರು ತಮಿಳಿಗೆ ಕೊಂಡೊಯ್ದದ್ದಕ್ಕೆ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿ ಬಂತು. ಮಂಟೋ ಕತೆಗಳು ಕನ್ನಡದಲ್ಲಿವೆ. ಅಕಾಡೆಮಿಯ ಬೆಂಗಳೂರು ಕಚೇರಿ ಸೆಂಟ್ರಲ್ ಕಾಲೇಜಿನ ಆವರಣದಲ್ಲಿದೆ, ಶಿವಾಜಿನಗರದಿಂದ ಆಟೊದಲ್ಲಿ ಹತ್ತಿರ. ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಇರುವುದೇ ಅನುವಾದಕ್ಕೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ಅನುವಾದ ಮಾಲೆಯ ಪುಸ್ತಕಗಳ ಬೆಲೆಯೂ ಕೈಗೆಟುಕುವಂಥದ್ದು.

ಇಂಥವರ ಕೆಲಸ ಮರೆತುಹೋಗದಿರಲಿ ಎಂದೇ ಅನುವಾದಕರ ಹೆಸರನ್ನು ಬರೆಯಿರಿ ಎಂದು ಮೊದಲೇ ಕೇಳಿದ್ದು. ಮೊಬೈಲಿನ ಪಟ್ಟಿಗಳಲ್ಲಿ ಹಳೆಯ ಕನ್ನಡ ಪುಸ್ತಕಗಳು ಎಷ್ಟೋ ಸಲ ಸಿಗುವುದೇ ಇಲ್ಲ. ಐಎಸ್‌ಬಿಎನ್ ಇಲ್ಲದ ಕಾಲದ ಪುಸ್ತಕಗಳು ಅವು. ಸಿಕ್ಕರೂ ಅನುವಾದಕರ ಹೆಸರು ಬಿಟ್ಟುಹೋಗಿರುತ್ತದೆ. ಅದಕ್ಕೇ ಒಂದು ಗೆರೆ ಪುಸ್ತಕ ಇಟ್ಟುಕೊಳ್ಳಿ ಎನ್ನುವವನು ನಾನು. ಇನ್ನೂರು ಪುಟದ್ದಾದರೆ ಹತ್ತು ವರ್ಷಕ್ಕೂ ಬರುತ್ತದೆ. ಅರ್ಧ ಓದಿ ಬಿಟ್ಟದ್ದನ್ನೂ ಬರೆಯಿರಿ, ಏಕೆ ಬಿಟ್ಟಿರಿ ಎಂದೂ ಬರೆಯಿರಿ. ಪುಸ್ತಕ ಎಲ್ಲಿಂದ ಬಂತು, ಯಾರು ಕೊಟ್ಟರು, ಅದೂ ಇರಲಿ.

ಮಾರುಕಟ್ಟೆಯ ಒಂದು ಹಣ್ಣಿನಂಗಡಿಯಲ್ಲಿ ನಾನು ನೋಡಿದ ಉದ್ರಿ ಪುಸ್ತಕದ ವಿಷಯ ಹೇಳಬೇಕು. ಉದ್ದನೆಯ ಪುಸ್ತಕ, ರಟ್ಟಿನ ಮೂಲೆಗಳು ಸವೆದು ಹತ್ತಿಯಂತಾಗಿವೆ, ಪೆನ್ನನ್ನು ದಾರದಲ್ಲಿ ಕಟ್ಟಿದೆ. ಗಿರಾಕಿಗಳ ಹೆಸರು ಉರ್ದುವಿನಲ್ಲಿ, ಬಲದಿಂದ ಎಡಕ್ಕೆ. ಮೊತ್ತ ಇಂಗ್ಲಿಷ್ ಅಂಕಿಯಲ್ಲಿ. ನಡುವೆ ಒಂದು ಹೋಟೆಲಿನ ಹೆಸರು ಮಾತ್ರ ಕನ್ನಡದಲ್ಲಿ, ಸಂಜೆ ಅಂಗಡಿಯಲ್ಲಿ ಕೂರುವ ಮಗ ಬರೆದದ್ದು. ದುಡ್ಡು ಬಂದ ಸಾಲಿನ ಮೇಲೆ ಅಡ್ಡಗೆರೆ. ಅಂಗಡಿಯವರು ಪುಟ ತಿರುವಿದರೆ ಗೆರೆ ಬಿದ್ದ ಸಾಲುಗಳ ಮೇಲೆ ಅವರ ಕಣ್ಣು ನಿಲ್ಲುವುದೇ ಇಲ್ಲ. ಗೆರೆ ಬೀಳದ ಸಾಲು ಎಲ್ಲಿದೆಯೋ ಅಲ್ಲಿ ನಿಲ್ಲುತ್ತದೆ. ನಮ್ಮ ಓದಿನ ಪಟ್ಟಿಯೂ ಹಾಗೆ ಬಾಕಿಯನ್ನು ತೋರಿಸಬೇಕು ಎಂಬುದೇ ನನ್ನ ವಾದ. ಓದಿದ್ದರ ಮೊತ್ತ ಕೂಡಿಸುವುದರಲ್ಲೇ ನಾವು ವರ್ಷ ಮುಗಿಸುತ್ತಿದ್ದೇವೆ.

ಮೊತ್ತದ ಗೀಳು ಇನ್ನೊಂದು ಕೆಡುಕು ಮಾಡುತ್ತಿದೆ. ಗುರಿ ಮುಟ್ಟಬೇಕೆಂದು ನವೆಂಬರಿನಲ್ಲಿ ತೆಳ್ಳನೆಯ ಪುಸ್ತಕ ಹುಡುಕುವವರಿದ್ದಾರೆ. ಬೊಳುವಾರು ಮಹಮದ್ ಕುಂಞಿಯವರ 'ಸ್ವಾತಂತ್ರ್ಯದ ಓಟ' ಸಾವಿರ ಪುಟ ಮೀರಿದ ಕಾದಂಬರಿ. ಅದನ್ನು ಹಿಡಿದರೆ ಒಂದು ಋತುವೇ ಹೋಗುತ್ತದೆ, ಪಟ್ಟಿಗೆ ಸೇರುವುದು ಒಂದೇ ಸಾಲು. ಆ ಒಂದು ಸಾಲಿಗೆ ಹತ್ತು ಸಾಲಿನ ತೂಕವಿದೆ. ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿಕೊಳ್ಳಿ, ಇಂಥದ್ದಕ್ಕೆ ಜಾಗ ಮಾಡಿ.

ಪುಸ್ತಕ ಸಿಗುವುದಿಲ್ಲ ಎನ್ನುವವರಿಗೆ ಕೊನೆಯದಾಗಿ ಒಂದು ಮಾತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಮ್ಮ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವು ಕಟ್ಟುತ್ತಲೇ ಇದ್ದೇವೆ. ನಿಮ್ಮ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಹೋಗಿ, ಉರ್ದುವಿನಿಂದ ಒಂದು, ತಮಿಳಿನಿಂದ ಒಂದು ಕನ್ನಡ ಅನುವಾದ ಕೇಳಿ. ಇಲ್ಲ ಎಂದರೆ ಪುಸ್ತಕದ ಹೆಸರು, ಅನುವಾದಕರ ಹೆಸರು, ಪ್ರಕಾಶಕರ ಹೆಸರು ಬರೆದ ಚೀಟಿಯನ್ನು ಗ್ರಂಥಪಾಲಕರ ಕೈಗೆ ಕೊಟ್ಟು, ತರಿಸಿಕೊಡಿ ಎಂದು ಹೇಳಿ ಬನ್ನಿ. ಒಬ್ಬರು ಕೇಳಿದರೆ ಚೀಟಿ ಮೇಜಿನ ಮೇಲೆ ಉಳಿಯಬಹುದು. ಇಂದಿರಾನಗರದಲ್ಲಿ ಹತ್ತು ಜನ, ಹಲಸೂರಿನಲ್ಲಿ ಹತ್ತು ಜನ, ಕೆ.ಆರ್. ಪುರದಲ್ಲಿ ಹತ್ತು ಜನ ಕೇಳಿದರೆ ಮುಂದಿನ ಖರೀದಿಯಲ್ಲಿ ಆ ಪುಸ್ತಕಗಳು ಬರಲೇಬೇಕು. ದಯವಿಟ್ಟು ಈ ವಾರವೇ ಹೋಗಿ ಕೇಳಿ.

ಇಂತಿ,
ನಿಮ್ಮಂತೆಯೇ ಪಟ್ಟಿ ಬರೆಯುವ ಒಬ್ಬ ಓದುಗ